ಮೂರನೆಯ ಸ್ಪೂಲು

೧೯೮೪ರ ಅಕ್ಟೋಬರ್ ೧೫, ಸೋಮವಾರ. ಬೆಳಿಗ್ಗೆ ಒಂಬತ್ತೂ ಕಾಲು. ಗದಗಿನ ಠಾಣೆಯಲ್ಲಿ ಪಿ.ಎಸ್.ಐ. ಚನ್ನಬಸವಣ್ಣ ಮುಳಗುಂದ ಇನ್ನೂ ಟೋಪಿ ತೆಗೆದು ಮೇಜಿನ ಮೇಲಿಟ್ಟಿರಲಿಲ್ಲ, ಅಷ್ಟರಲ್ಲಿ ದೂರುದಾರರೊಬ್ಬರು ಎದುರಿನ ಕುರ್ಚಿಯಲ್ಲಿ ಬಂದು ಕೂತರು. ಕೈಯಲ್ಲಿ ಹನ್ನೊಂದು ಪುಟದ ದೂರು. ಎಲ್ಲವೂ ಇಂಗ್ಲಿಷಿನಲ್ಲಿ, ಅಚ್ಚುಕಟ್ಟಾಗಿ ಟೈಪ್ ಮಾಡಿದ್ದು.

ಚನ್ನಬಸವಣ್ಣನ ಮೇಜಿನ ಮೇಲೆ ಹತ್ತಿ ಗೋದಾಮಿನ ಬೆಂಕಿಯ ಕಡತ ಒಂದು ತಿಂಗಳಿನಿಂದ ಬಾಯಿ ತೆರೆದು ಬಿದ್ದಿತ್ತು. ಆತ ದೂರಿನ ಮೊದಲ ಪುಟ ನೋಡಿದ, ಕೊನೆಯ ಪುಟ ನೋಡಿದ, ನಡುವಿನ ಒಂಬತ್ತನ್ನು ಬಿಟ್ಟ.

"ಬಾಯಿಲೇನ ಹೇಳ್ರಿ. ಏನು ಕಳುವಾಗೇತಿ?"

"ಐದು ಸ್ಪೂಲು ಟೇಪು, ಸಾಹೇಬ್ರ. ಮಂಡೇ ಕೈಟ್ಸ್ ಅವರ ಆಡಿಶನ್."

ಹೇಳಿದವರು ಮಾರ್ತಾಂಡರಾವ್ ಉಮಚಗಿ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮಾಸ್ತರು. ವಯಸ್ಸು ಐವತ್ತೆರಡು. ರಾತ್ರಿ ನಿದ್ದೆ ಮಾಡದ ಕಣ್ಣು, ಗುಂಡಿ ತಪ್ಪಿಸಿ ಹಾಕಿಕೊಂಡ ಅಂಗಿ.

"ಯಾವ ಊರವ್ರು ಅವರು?"

"ಮುಂಬೈದ ರಾಕ್ ಬ್ಯಾಂಡು. ಇಡೀ ದೇಶಕ್ಕ ಗೊತ್ತದ. ಲಂಡನ್ನಿಗೂ ಹೋಗಿ ಹಾಡಿ ಬಂದಾರ."

"ಹಂಗಾದ್ರ ಅವರ ಕ್ಯಾಸೆಟ್ಟು ಅಂಗಡ್ಯಾಗ ಸಿಗತಾವಲ್ಲ. ಮತ್ತೊಮ್ಮೆ ಕೊಂಡರಾತು."

ಮಾರ್ತಾಂಡರಾಯರು ಕೈಲಾಗದ ಹುಡುಗನಿಗೆ ಭೂಪಟ ತೋರಿಸುವವರಂತೆ ಮುಂದೆ ಬಾಗಿದರು. "ಆ ಹಾಡಲ್ರಿ. ಅರವತ್ತೊಂಬತ್ತರಾಗ ಇವರು ಯಾರಂತ ಯಾರಿಗೂ ಗೊತ್ತಿರಲಿಲ್ಲ. ಒಂದು ರೆಕಾರ್ಡ್ ಕಂಪನಿಯವರು ಕರದು ಪರೀಕ್ಷಾ ಮಾಡಿದ್ರು. ಆವತ್ತು ಹಾಡಿದ್ದು, ಬಾರಿಸಿದ್ದು ಎಲ್ಲಾ ಈ ಐದು ಸ್ಪೂಲಿನಾಗ ಅದ. ಕಂಪನಿ ಬ್ಯಾಡ ಅಂತು."

"ಅಂದ್ರ ನಪಾಸಾದ ಹಾಡು."

"ಅದಕ್ಕ ಅದರ ಬೆಲೆ, ಸಾಹೇಬ್ರ! ಜಗತ್ತಿನಾಗ ಇದೊಂದ ಪ್ರತಿ. ಇಪ್ಪತ್ತೆಂಟನೇ ತಾರೀಖು ಸಾಲಿ ಹಾಲಿನಾಗ ಎಲ್ಲಾರಿಗೂ ಕೇಳಸಾಂವ ಇದ್ದೆ. ಮುಂಬೈಯಿಂದ ಪತ್ರಿಕಾದವರು ಬರಾಕತ್ತಾರ."

ಚನ್ನಬಸವಣ್ಣ ಹೆಡ್ ಕಾನ್‌ಸ್ಟೆಬಲ್ ಸಕ್ರಪ್ಪನ ಕಡೆ ನೋಡಿದ. ಸಕ್ರಪ್ಪ ಆಗಲೇ ಗೋಡೆಯ ಕಡೆ ಮುಖ ಮಾಡಿದ್ದ. ನಗುತ್ತಿದ್ದನೆಂದು ಹೆಗಲಿನಿಂದಲೇ ತಿಳಿಯುತ್ತಿತ್ತು.

ಹತ್ತು ಗಂಟೆಗೆ ಎಫ್‌ಐಆರ್ ಆಯಿತು. ಅಪರಾಧ ಸಂಖ್ಯೆ ೧೧೨/೮೪, ಐಪಿಸಿ ಕಲಂ ೩೮೦, ವಾಸದ ಮನೆಯಲ್ಲಿ ಕಳವು. ಮಾಲಿನ ವಿವರ ಬರೆಯುವಾಗ ಸಕ್ರಪ್ಪ "ಹಾಡಿನ ಟೇಪು" ಎಂದು ಬರೆದ. ಮಾರ್ತಾಂಡರಾಯರು ಅದನ್ನು ಹೊಡೆಸಿ "ಆಡಿಶನ್ ಟೇಪು" ಎಂದು ಬರೆಸಿದರು. ಸಹಿ ಮಾಡುವ ಮೊದಲು ಮತ್ತೆರಡು ಕಡೆ ತಿದ್ದಿಸಿದರು.

ಹನ್ನೊಂದೂವರೆಗೆ ಪಂಚರ ಸಮಕ್ಷಮ ಸ್ಥಳ ಪಂಚನಾಮೆ. ಹಿಂದಿನ ದಿನ, ರವಿವಾರ, ಮಾರ್ತಾಂಡರಾಯರೂ ಹೆಂಡತಿ ಪದ್ಮಾಬಾಯಿಯೂ ಮದುವೆಗೆಂದು ಬೆಳಿಗ್ಗೆ ಎಂಟಕ್ಕೆ ಹೊಂಬಳಕ್ಕೆ ಹೋಗಿ ಸಂಜೆ ಆರಕ್ಕೆ ಮರಳಿದ್ದರು. ಕೀಲಿ ಮುರಿದಿರಲಿಲ್ಲ. ಕಿಟಕಿಯ ಸರಳು ಅಲುಗಿರಲಿಲ್ಲ. ಪದ್ಮಾಬಾಯಿಯ ಬಂಗಾರದ ಬಳೆ ದೇವರ ಗೂಡಿನಲ್ಲೇ ಇತ್ತು. ಕಪಾಟಿನಲ್ಲಿ ನಲವತ್ತಕ್ಕೂ ಹೆಚ್ಚು ಸ್ಪೂಲುಗಳಿದ್ದವು. ಅದರಲ್ಲಿ ಒಂದೇ ಸಾಲಿನ ಐದು ಮಾತ್ರ ಇರಲಿಲ್ಲ. ಪಕ್ಕದ ಮೇಜಿನ ಮೇಲೆ ದೊಡ್ಡ ಸ್ಪೂಲ್ ರೆಕಾರ್ಡರು, ಬಟ್ಟೆ ಹೊದಿಸಿಕೊಂಡು ಸುಮ್ಮನೆ ಕೂತಿತ್ತು.

"ಬಳಿ ಒಯ್ದಿದ್ರ ಛಲೋ ಇತ್ತು," ಎಂದರು ಪದ್ಮಾಬಾಯಿ. "ಮತ್ತೊಂದು ಮಾಡಸ್ತಿದ್ರು. ಇದು ಹೋಗಿದ್ದಕ್ಕ ನಿನ್ನಿಯಿಂದ ಊಟಾ ಬಿಟ್ಟಾರ. ನಾನು ತೌರುಮನಿಗೆ ಹೋದ್ರ ಒಂದು ಹೊತ್ತೂ ಊಟಾ ಬಿಟ್ಟಾವರಲ್ಲ."

ಮನೆಯ ಕೀಲಿ ಎದುರು ಮನೆಯ ಸಾವಂತ್ರೆವ್ವನ ಹತ್ತಿರ ಇತ್ತು. ಅರವತ್ತು ದಾಟಿದ ಹೆಂಗಸು, ದಿನವಿಡೀ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುವವಳು.

"ಯವ್ವಾ, ನಿನ್ನೆ ಈ ಮನಿಗೆ ಹೊಸಬರು ಯಾರರ ಬಂದಿದ್ರೇನು?"

"ಇಲ್ಲೋ ಯಪ್ಪಾ. ಒಂದು ನರಪಿಳ್ಳಿ ಹೊಸಬರು ಬಂದಿಲ್ಲ. ನಾ ಕಟ್ಟಿ ಬಿಟ್ಟ ಎದ್ದಿಲ್ಲ."

ಚನ್ನಬಸವಣ್ಣ ಅದನ್ನು ಹಾಗೆಯೇ ಬರೆಸಿದ.

"ಯಾರ ಮ್ಯಾಲರ ಸಂಶೇ ಐತೇನ್ರಿ ರಾಯರ?"

"ಲಕ್ಷ್ಮೇಶ್ವರದ ಮಾಶಾಕನ ಮ್ಯಾಲ," ಎಂದರು ಮಾರ್ತಾಂಡರಾಯರು, ಕಾಯುತ್ತಿದ್ದವರಂತೆ. ಮಾಶಾಕನ ತಂದೆ ಮಕ್ತುಮಸಾಬ ಆ ಕಂಪನಿಯಲ್ಲಿ ರೆಕಾರ್ಡಿಂಗ್ ಯಂತ್ರ ನಡೆಸುವವನಾಗಿದ್ದ. ಸ್ಪೂಲು ಅಳಿಸಿ ಮತ್ತೆ ಉಪಯೋಗಿಸು ಎಂದು ಕಂಪನಿ ಹೇಳಿದಾಗ ಅಳಿಸದೆ ಟ್ರಂಕಿನಲ್ಲಿಟ್ಟುಕೊಂಡು ಊರಿಗೆ ಬಂದಿದ್ದ. ಮೂರು ವರ್ಷದ ಹಿಂದೆ ತೀರಿಕೊಂಡ. ಸುದ್ದಿ ತಿಳಿದ ಮಾರ್ತಾಂಡರಾಯರು ಹೋದ ವರ್ಷ ಅವನ ಹೆಂಡತಿಗೆ ಹೊಸ ಟ್ರಾನ್ಸಿಸ್ಟರು ಕೊಟ್ಟು ಐದೂ ಸ್ಪೂಲು ತಂದಿದ್ದರು. ಕಳೆದ ತಿಂಗಳು ಮಾಶಾಕ ಮನೆಗೇ ಬಂದು, ವಾಪಸ್ ಕೊಡಿ ಎಂದು ಜಗಳ ತೆಗೆದಿದ್ದ.

ಅಷ್ಟು ಸಾಕಿತ್ತು. ಇನ್ನೊಂದು ದಿನದಲ್ಲಿ ಮುಗಿಯುತ್ತದೆ ಎಂದುಕೊಂಡ ಚನ್ನಬಸವಣ್ಣ.

ಮಂಗಳವಾರ ಠಾಣೆಯ ಜೀಪು ಚಾಲೂ ಆಗಲಿಲ್ಲ. ಇಬ್ಬರೂ ಬಸ್ಸಿನಲ್ಲಿ ನಿಂತುಕೊಂಡೇ ಲಕ್ಷ್ಮೇಶ್ವರಕ್ಕೆ ಹೋದರು. ಮಕ್ತುಮಸಾಬನ ಹೆಂಡತಿ ಶಮಶಾದಬಿ ಬಾಗಿಲಲ್ಲೇ ಎದುರು ನಿಂತಳು.

"ಮಾಶಾಕ ಎಲ್ಲದಾನ?"

"ಯಾಕ್ರಿ? ಏನು ಮಾಡ್ಯಾನ?"

"ಮಾಸ್ತರ ಮನಿಯಾಗಿನ ಟೇಪು ಕಳುವಾಗ್ಯಾವ."

ಆಕೆ ತಲೆ ಮೇಲಿನ ಸೆರಗು ಸರಿಮಾಡಿಕೊಂಡಳು. "ಆ ಡಬ್ಬಿ ಮ್ಯಾಲ ನಮ್ಮವರ ಕೈಬರಹ ಐತ್ರಿ ಫೌಜದಾರ ಸಾಹೇಬ. ನಾ ಓದಾಕ ಬರದಾಕಿ, ರೇಡಿಯೋ ಆಸೆಕ್ಕ ಕೊಟ್ಟುಬಿಟ್ಟೆ. ಡಬ್ಬಿ ಅಷ್ಟರ ವಾಪಸ್ ಕೊಡ್ರಿ ಅಂತ ಮಗಾ ಕೇಳಾಕ ಹೋಗಿದ್ದ. ಕದಿಯೂ ಮಂದಿ ಅಲ್ಲ ನಾವು."

"ಎಲ್ಲದಾನ ಅಂತ ಕೇಳಿದೆ."

"ಶಿರಹಟ್ಟಿಯೊಳಗ ಅವನ ಅಕ್ಕ ದಿಲಶಾದಬಿ ಮನ್ಯಾಗ." ಹೊರಡುವಾಗ ಆಕೆ ಹಿಂದಿನಿಂದ ಕೂಗಿ ಹೇಳಿದಳು, "ನಮ್ಮವರು ಯಾಕ ಆ ಟೇಪು ಇಟ್ಕೊಂಡಿದ್ರು ಕೇಳ್ರಿ. ಆ ಹುಡುಗರೊಳಗ ಒಬ್ಬಾಂವ ನಮ್ಮ ಕಡೀ ಹುಡುಗ ಅಂತ! ಕನ್ನಡ ಮಾತಾಡಿದ ಅಂತ!"

ಬಸ್ಸಿಗೆ ಹೊತ್ತಾಗಿತ್ತು. ಚನ್ನಬಸವಣ್ಣ ಆ ಮಾತನ್ನು ಬರೆದುಕೊಳ್ಳಲಿಲ್ಲ.

ಶಿರಹಟ್ಟಿಯಲ್ಲಿ ದಿಲಶಾದಬಿ, ತಮ್ಮ ಬೆಳ್ಳಟ್ಟಿಗೆ ಹೋಗಿದ್ದಾನೆ ಎಂದಳು. ಬುಧವಾರ ಬೆಳ್ಳಟ್ಟಿಯಲ್ಲಿ, ಅವನು ನಿನ್ನೆಯೇ ಮುಂಡರಗಿಗೆ ಹೋದ ಎಂದರು. ಬಸ್ ನಿಲ್ದಾಣದಿಂದ ಠಾಣೆಗೆ ಫೋನು ಮಾಡಿದರೆ, ಧಾರವಾಡದಿಂದ ಎಸ್.ಪಿ. ಸಾಹೇಬರು ಎರಡು ಸಲ ಕೇಳಿದ್ದಾರೆ ಎಂಬ ಸುದ್ದಿ. ಮಾರ್ತಾಂಡರಾಯರ ಷಡ್ಡಕ ಸಾಹೇಬರ ಕಚೇರಿಯಲ್ಲೇ ಗುಮಾಸ್ತನಂತೆ. ಮಾರ್ತಾಂಡರಾಯರೂ ಠಾಣೆಗೆ ಮೂರು ಸಲ ಬಂದು, ಟೇಪನ್ನು ಬಿಸಿಲಿಗೆ ಇಡಬಾರದು ಎಂದು ಕಳ್ಳನಿಗೆ ತಿಳಿಸುವ ಉಪಾಯವಿದೆಯೇ ಎಂದು ವಿಚಾರಿಸಿದ್ದರಂತೆ.

"ಸಕ್ರಪ್ಪಾ," ಎಂದ ಚನ್ನಬಸವಣ್ಣ, ಫೋನು ಕುಕ್ಕಿ. "ಬೆಂಕಿ ಹಚ್ಚಿದಾಂವ ಊರಾಗ ಆರಾಮ ಅಡ್ಡಾಡಾಕತ್ತಾನ. ನಾನು ನಪಾಸಾದ ಹಾಡಿನ ಬೆನ್ನ ಹತ್ತಿ ನಾಲ್ಕು ಊರು ತಿರಗಾಕತ್ತೇನಿ."

"ಹೌದ್ರಿ ಸಾಹೇಬ್ರ," ಎಂದ ಸಕ್ರಪ್ಪ. "ಚಾ ಕುಡಿಯೂಣೇನ್ರಿ?"

ಮಧ್ಯಾಹ್ನ ಮೂರಕ್ಕೆ ಮುಂಡರಗಿಯ ಸಿನಿಮಾ ಟಾಕೀಸಿನಲ್ಲಿ ಮಾಶಾಕ ಸಿಕ್ಕ. ಇಪ್ಪತ್ತೆಂಟರ ಯುವಕ, ಅಲ್ಲಿ ಆಗಾಗ ಪ್ರೊಜೆಕ್ಟರ್ ನಡೆಸುತ್ತಿದ್ದ. ರವಿವಾರ ಬೆಳಗಿನಿಂದ ಸಂಜೆಯ ತನಕ ಮೂರು ಆಟ ಅವನೇ ನಡೆಸಿದ್ದ. ಮಾಲೀಕ ಹೇಳಿದ, ಗೇಟಿನವನು ಹೇಳಿದ, ಹೊರಗೆ ಶೇಂಗಾ ಮಾರುವ ಅಲ್ಮಾಸಬಿಯೂ ಹೇಳಿದಳು. ಚನ್ನಬಸವಣ್ಣ ಪ್ರೊಜೆಕ್ಟರ್ ಕೋಣೆಯ ಮೆಟ್ಟಿಲ ಮೇಲೆ ಕುಸಿದು ಕೂತ. ಎರಡು ದಿನದ ಧೂಳು ಬೂಟಿನ ಮೇಲಿತ್ತು.

"ನೀ ಕದ್ದಿಲ್ಲ. ಆತು. ಮತ್ತ ಯಾರಿಗೆ ಬೇಕಾಗಿತ್ತೋ ಮಾರಾಯಾ ಅವು?"

ಮಾಶಾಕ ಕೈ ಒರೆಸಿಕೊಂಡು ಯೋಚಿಸಿದ. "ನಮ್ಮ ಅಬ್ಬಾ ಒಂದು ಮಾತು ಹೇಳ್ತಿದ್ರು. ಅವತ್ತು ಡ್ರಮ್ ಬಾರಸೂ ಹುಡುಗನ್ನ ಬಿಟ್ಟು ಬರ್ರಿ, ಆಮ್ಯಾಲ ನೋಡೂಣು ಅಂದ್ರಂತ ಕಂಪನಿಯವರು. ಉಳದ ಮೂರೂ ಮಂದಿ ಹೂಂ ಅಂದ್ರಂತ, ಅವನ ಎದುರಿಗೇನ. ಆ ಹುಡುಗ ಅಳಕೋತ, ಇನ್ನೊಂದು ಸಲ ನೋಡ್ರಿ ಅಂತ ಬೇಡ್ಕೊಂಡನಂತ. ಟೇಪು ಬಂದ್ ಮಾಡೂದ ಅಬ್ಬಾಗ ಮರ್ತಿತ್ತು. ಎಲ್ಲಾ ಅದರಾಗ ಬಂದೈತ್ರಿ. ಹೊರಗ ಬಂದ ಮ್ಯಾಲ ಅಬ್ಬಾ ಅವಗ ಚಾ ಕುಡಿಸಿದ್ರು. ಆವಾಗ ಗೊತ್ತಾತಂತ, ಗದಗ ಕಡೀ ಹುಡುಗ ಅಂತ."

ಚನ್ನಬಸವಣ್ಣ ತಲೆಯೆತ್ತಿದ. ಲಕ್ಷ್ಮೇಶ್ವರದಲ್ಲಿ ಬೆನ್ನ ಹಿಂದೆ ಬಂದು ಬಿದ್ದ ಕೂಗು ಈಗ ಕಿವಿಗೆ ಮುಟ್ಟಿತು. ತನ್ನ ಮೇಲೆ ತನಗೇ ಸಿಟ್ಟು ಬಂತು.

"ಹೆಸರೇನಂತ?"

"ಅಬ್ಬಾ ಹೇಳಲಿಲ್ಲ. ಬ್ಯಾಂಡಿನವರು ಗ್ಯಾರಿ ಗ್ಯಾರಿ ಅಂತಿದ್ರಂತ."

ಅಕ್ಟೋಬರ್ ೧೮, ಗುರುವಾರ. ಬೆಳಿಗ್ಗೆ ಎಂಟಕ್ಕೆ ಚನ್ನಬಸವಣ್ಣ ಮಾರ್ತಾಂಡರಾಯರ ಮನೆಯಲ್ಲಿದ್ದ.

"ಟೇಪಿನಾಗ ಯಾರೋ ಅಳತಾರಂತ. ಹೌದೇನು?"

"ಮೂರನೇ ಸ್ಪೂಲಿನ ಕೊನೀಗೆ!" ರಾಯರ ಮುಖ ಮೂರು ದಿನದಲ್ಲಿ ಮೊದಲ ಬಾರಿ ಅರಳಿತು. "ಗ್ಯಾರಿನ್ನ, ಅವರ ಮದಲಿನ ಡ್ರಮ್ಮರನ್ನ, ತಗದು ಹಾಕಿದ ಗಳಿಗಿ. ಎಂಟು ವರ್ಷದಿಂದ ಆ ಮನಷ್ಯಾನ್ನ ಹುಡುಕಲಿಕ್ಕತ್ತೀನಿ. ಗೋವಾಕ್ಕ ಬರದೆ, ಪುಣೆಕ್ಕ ಬರದೆ, ಬೆಂಗಳೂರಿಗೆ ಬರದೆ. ಇಪ್ಪತ್ತೆಂಟಕ್ಕ ಅದನ್ನ ಕೇಳಸಾಂವ ಇದ್ದೆ."

"ಇದನ್ನೆಲ್ಲಾ ಮದಲ ಯಾಕ ಹೇಳಲಿಲ್ರಿ?"

"ಏಳನೇ ಪುಟದಾಗ ಬರದೀನಲ್ಲ!"

ಚನ್ನಬಸವಣ್ಣ ಹಲ್ಲು ಕಚ್ಚಿ ಉಸಿರು ಬಿಟ್ಟ. "ನಿಮ್ಮನ್ನ ಬಿಟ್ಟು ಆ ಸ್ಪೂಲು ಯಾರು ಕೇಳ್ಯಾರ?"

"ಯಾರೂ ಇಲ್ಲ. ಆಗಸ್ಟಿನಾಗ ಮಷೀನು ಕೆಟ್ಟಿತ್ತು. ಮತ್ತೊಂದು ಪ್ರತಿ ಮಾಡಲಿಕ್ಕೂ ಆಗಲಿಲ್ಲ."

"ಯಾರು ರಿಪೇರಿ ಮಾಡಿದ್ರು?"

"ನಮ್ಮ ಗೋಪಾಲ. ಬೆಟಗೇರಿಯಾಗ ರೇಡಿಯೋ ಅಂಗಡಿ ಅದ."

"ರಿಪೇರಿ ಆದ ಮ್ಯಾಲ ಮಷೀನು ಹಚ್ಚಿ ನೋಡಿರಬೇಕಲ್ಲ. ಯಾವ ಟೇಪು ಹಚ್ಚಿದ್ರಿ?"

ಮಾರ್ತಾಂಡರಾಯರು ಬಟ್ಟೆ ಹೊದಿಸಿದ ಯಂತ್ರದ ಕಡೆ ತಿರುಗಿದರು. "ಮೂರನೇದು. ಮೊನ್ನೆ ಎಂಟನೇ ತಾರೀಖು, ಅವನ ಅಂಗಡ್ಯಾಗ. ಇಪ್ಪತ್ತೆಂಟಕ್ಕ ಬರ್ರಿ, ಇದನ್ನ ಕೇಳಸ್ತೀನಿ ಅಂತ ಕರದೂ ಬಂದೆ."

"ಅವ ಏನಂದ?"

"ಮಷೀನು ಬಂದ್ ಮಾಡಿದ. ಟೇಪು ಓದೂ ಹೆಡ್ಡು ಹೊಲಸಾಗೇದ, ನಾಳೆ ಬರ್ರಿ ಅಂದ."

ಚನ್ನಬಸವಣ್ಣ ಎದ್ದು ರಸ್ತೆ ದಾಟಿ ಸಾವಂತ್ರೆವ್ವನ ಕಟ್ಟೆಗೆ ಹೋದ. "ಯವ್ವಾ, ಹೊಸಬರು ಬ್ಯಾಡ. ರವಿವಾರ ಈ ಮನಿಗೆ ಯಾರ್ಯಾರು ಬಂದಿದ್ರು, ಅಷ್ಟೂ ಮಂದೀನ್ನ ಹೇಳು."

"ಹಾಲಿನ ಜನ್ನತಬಿ ಬಂದು ತಂಬಿಗಿ ಇಟ್ಟು ಹೋದಳು. ಹನ್ನೊಂದಕ್ಕ ಗೋಪಾಲ ಬಂದ, ಮಷೀನಿಗೆ ಬೆಲ್ಟು ಹಾಕೂದು ಉಳದೈತಿ ಅಂದ. ಕೀಲಿ ಕೊಟ್ಟೆ. ತಾಸಿನೊಳಗ ವಾಪಸ್ ತಂದುಕೊಟ್ಟ."

"ಅವತ್ತು ಯಾಕ ಹೇಳಲಿಲ್ಲವ್ವಾ?"

"ನೀ ಹೊಸಬರು ಬಂದ್ರೇನು ಅಂತ ಕೇಳಿದಿ. ಗೋಪಾಲ ಹೊಸಬನೇನು? ನನ್ನ ರೇಡಿಯೋನೂ ಅವನ ರಿಪೇರಿ ಮಾಡ್ತಾನ."

ಸಕ್ರಪ್ಪ ಮತ್ತೆ ಗೋಡೆಯ ಕಡೆ ಮುಖ ಮಾಡಿದ. ಈ ಸಲ ಚನ್ನಬಸವಣ್ಣ ಅವನನ್ನು ಬೈದ.

ಬೆಳಿಗ್ಗೆ ಹತ್ತೂವರೆ. ಬೆಟಗೇರಿಯಲ್ಲಿ ಮನೆಯ ಮುಂದಿನ ಕೋಣೆಯೇ ಗೋಪಾಲನ ಅಂಗಡಿ. ಅವನು ಸಾಮಾನು ತರಲು ಹೋಗಿದ್ದ. ತಾಯಿ ಯಮುನಾಬಾಯಿ ಕುರ್ಚಿ ಹಾಕಿ ಕೂಡಿಸಿದರು. ಗಂಡ ಗುಡಿಯ ಅರ್ಚಕರಾಗಿದ್ದರು, ತೀರಿಕೊಂಡು ಹದಿನಾರು ವರ್ಷವಾಗಿತ್ತು.

"ಗೋಪಾಲ ಮುಂಬೈಯೊಳಗಿದ್ದನಂತಲ್ರಿ ಬಾಯಾರ?"

"ಎರಡು ವರ್ಷ ಇದ್ದ. ಆಫೀಸಿನಾಗ ನೌಕರಿ, ಸಂಜೀಕ ಬಾರಸೂದು. ಸಣ್ಣಾಂವಿದ್ದಾಗ ಮಂಗಳಾರತಿಗೆ ನಗಾರಿ ಬಾರಸ್ತಿದ್ದ, ಆ ಹುಚ್ಚು ಅದು. ಇವರು ಹೋದ ಮ್ಯಾಲ ನಾ ಒಬ್ಬಾಕಿನೇ ಆದೆ ನೋಡ್ರಿ. ಅವ್ವ ಒಬ್ಬಾಕಿನೇ ಇದ್ದಾಳಂತ ಎಲ್ಲಾ ಬಿಟ್ಟು ಬಂದುಬಿಟ್ಟ. ಆ ಹುಡುಗರು ಹೋಗಬ್ಯಾಡ ಅಂತ ಕಾಲು ಹಿಡದಿದ್ರಂತ." ಅವರು ಕಣ್ಣೊರೆಸಿಕೊಳ್ಳಲಿಲ್ಲ. ಹಿಗ್ಗಿನಿಂದಲೇ ಹೇಳಿದರು. ಓಣಿಯಲ್ಲಿ ಅನೇಕ ಸಲ ಹೇಳಿ ನುಣುಪಾದ ಮಾತು ಅದು. "ಇಂಥಾ ಮಗ ಯಾರಿಗೆ ಸಿಗತಾನ್ರಿ?"

ಚನ್ನಬಸವಣ್ಣ ಅವರು ಕೊಟ್ಟ ಚಹಾದ ಕಪ್ಪು ಕೈಗೆತ್ತಿಕೊಂಡ. ಮೂರು ದಿನದಿಂದ ಕೈಗೆ ಸಿಕ್ಕವನಿಗೆ ಎರಡು ಬಿಗಿಯಬೇಕೆಂದು ಹಟ ತೊಟ್ಟಿದ್ದ. ಈಗ ಕಪ್ಪಿನಲ್ಲಿಯ ಚಹಾ ಆರುತ್ತಾ ಇತ್ತು, ಅವನು ಅದನ್ನೇ ನೋಡುತ್ತಾ ಕೂತ.

ಗೋಪಾಲ ಬಂದ. ಮೂವತ್ತಾರು ವಯಸ್ಸು, ತೆಳ್ಳನೆಯ ಆಳು. ಪೊಲೀಸರನ್ನು ಕಂಡು ಓಡಲಿಲ್ಲ. ಕೈಯಲ್ಲಿದ್ದ ಚೀಲ ಕೆಳಗಿಟ್ಟು, "ಅವ್ವಾ, ಗುಡಿಗೆ ಹೋಗಿ ಬಾ. ಇವರು ರೇಡಿಯೋ ತಗೊಂಡು ಬಂದಾರ" ಎಂದ. ತಾಯಿ ಹೋಗುವ ತನಕ ಚನ್ನಬಸವಣ್ಣ ಕಾದ.

"ರವಿವಾರ ಹನ್ನೊಂದಕ್ಕ ಎಲ್ಲಿದ್ದಿ?"

"ಮಾಸ್ತರ ಮನ್ಯಾಗ."

"ಟೇಪು?"

"ಮಾಡದಾಗ ಅವ," ಎಂದು ಗೋಪಾಲ ಗೋಡೆಯ ಗೂಡಿನ ಕಡೆ ಕೈ ತೋರಿಸಿದ.

"ಗ್ಯಾರಿ ನೀನ ಏನು?"

ಗೋಪಾಲ ತಲೆಯಾಡಿಸಿದ.

ಪಂಚರನ್ನು ಕರೆಸಿದರು. ಗುರುತಿಸಲು ಮಾರ್ತಾಂಡರಾಯರೂ ಬಂದರು. ಐದು ಡಬ್ಬಿ, ಮೇಲೆ ಮಕ್ತುಮಸಾಬನ ಓರೆ ಅಕ್ಷರ. ಮಾಲು ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಬೇಕಿತ್ತು. ಅಂಗಡಿಯಲ್ಲಿದ್ದ ಹಳೆಯ ಯಂತ್ರಕ್ಕೆ ಸಕ್ರಪ್ಪ ಮೂರನೆಯ ಸ್ಪೂಲು ಏರಿಸಿದ. ಇಂಗ್ಲಿಷ್ ಹಾಡು ಬಂತು, ಗಿಟಾರು ಬಂತು. ಎಲ್ಲದರ ಕೆಳಗೆ ಕುದುರೆ ನಡೆದಂತೆ ತಪ್ಪದೆ ಬರುವ ಡ್ರಮ್ಮಿನ ಪೆಟ್ಟು. ಹಾಡು ಮುಗಿದು, ಯಾರೋ ಕೆಮ್ಮಿ, ಕುರ್ಚಿ ಸರಿದ ಸಪ್ಪಳವಾಯಿತು. ಗೋಪಾಲ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಚನ್ನಬಸವಣ್ಣ ಕೈ ಚಾಚಿ ಗುಂಡಿ ಒತ್ತಿದ. ಟೇಪು ನಿಂತಿತು.

"ಸಾಕು. ಖಾತ್ರಿ ಆತು."

"ಇನ್ನೂ ಅದ, ಸಾಹೇಬ್ರ, ಮುಖ್ಯ ಅಂದ್ರ ಮುಂದಿನದ..." ಎಂದ ಮಾರ್ತಾಂಡರಾಯರು ಗೋಪಾಲನ ಮುಖ ನೋಡಿದರು. ಎಂಟು ವರ್ಷ ಊರೂರಿಗೆ ಪತ್ರ ಬರೆದ ಮನುಷ್ಯ, ತಿಂಗಳಿಗೊಮ್ಮೆ ಬಂದು ಕೂರುತ್ತಿದ್ದ ಅಂಗಡಿಯ ನಡುವೆ ನಿಂತಿದ್ದರು.

"ಅಳಿಸಿಬಿಡಬೇಕಂತ ಒಯ್ದೆ, ಸಾಹೇಬ್ರ," ಎಂದ ಗೋಪಾಲ. "ಬರೇ ಕೊನೀ ತುಣುಕು. ಐದು ಮಿನಿಟಿನ ಕೆಲಸ. ಇಪ್ಪತ್ತೆಂಟಕ್ಕ ಇದನ್ನ ಹಚ್ಚಿದ್ರ ಪತ್ರಿಕಾದಾಗ ಬರ್ತಿತ್ತು. ಹೆಸರು ಹೊರಗ ಬರ್ತಿತ್ತು. ಹದಿನೈದು ವರ್ಷ ಓಣಿ ಮಂದಿಗೆಲ್ಲಾ ನನ್ನ ಮಗ ನನ್ನ ಸಲುವಾಗಿ ಬಂದ ಅಂತ ಹೇಳ್ಕೋತ ಬಂದಾಳ ಅವ್ವ. ಆಕಿ ಯಾರ ಮುಖಾ ನೋಡಬೇಕು?"

"ಮತ್ತ ಯಾಕ ಅಳಿಸಲಿಲ್ಲ?"

ಅವನು ಯಂತ್ರದ ಕಡೆ ನೋಡಿದ. "ಅಳಸೂಕಿಂತ ಮದಲ ಒಮ್ಮೆ ಪೂರ್ತಿ ಕೇಳಿದೆ. ನನಗ ಬಾರಸಲಿಕ್ಕೆ ಬರೂದಿಲ್ಲ ಅಂತ ಅವತ್ತು ಅಂದ್ರು, ನಾನೂ ಹಂಗ ತಿಳಕೊಂಡಿದ್ದೆ. ಬಂದ ಮ್ಯಾಲ ಒಂದು ದಿನಾ ಕೋಲು ಹಿಡದಿಲ್ಲ. ಗುಡ್ಯಾಗ ನಗಾರಿನೂ ಮುಟ್ಟಿಲ್ಲ." ಯಂತ್ರದ ಹತ್ತಿರ ಬಂದ. "ಛಲೋ ಬಾರಿಸೀನ್ರಿ, ಸಾಹೇಬ್ರ. ಎಲ್ಲೂ ತಪ್ಪಿಲ್ಲ. ದಿನಾ ಕೇಳಿದೆ, ತಪ್ಪು ಸಿಗಲಿಲ್ಲ. ಅಳಸಲಿಕ್ಕೆ ಕೈ ಏಳಲಿಲ್ಲ."

"ಎರಡನೇ ಹಾಡಿನಾಗ ಒಂದು ಪೆಟ್ಟು ಬಿಟ್ಟೀಯಲ್ಲ," ಎಂದರು ಮಾರ್ತಾಂಡರಾಯರು, ಮೆಲ್ಲನೆ.

"ಬಿಟ್ಟಿಲ್ರಿ. ಬೇಕಂತನ ತಡದೀನಿ. ಹಾಡಾಂವ ಅಲ್ಲಿ ಉಸರು ತಗೋತಾನ."

ಮಾರ್ತಾಂಡರಾಯರು ಜೇಬು ತಡಕಿ ಪೆನ್ನು ತೆಗೆದರು, ಮತ್ತೆ ಒಳಗಿಟ್ಟರು. "ಹಂಗ ಇರಬೇಕು ಅಂತ ನಾನೂ ತಿಳಕೊಂಡಿದ್ದೆ," ಎಂದರು. ಕೇಸು ವಾಪಸ್ ತೆಗೆದುಕೊಳ್ಳಬಹುದೇ ಎಂದು ಚನ್ನಬಸವಣ್ಣನನ್ನು ಕೇಳಿದರು.

"ಅದನ್ನ ಕೋರ್ಟಿನಾಗ ಕೇಳ್ರಿ. ಹನ್ನೊಂದು ಪುಟ ಕೊಟ್ಟಿದ್ದು ನೀವ," ಎಂದ ಚನ್ನಬಸವಣ್ಣ. ಮೊದಲಿನ ಬಿರುಸು ಆ ಮಾತಿನಲ್ಲಿ ಇರಲಿಲ್ಲ.

ಮಧ್ಯಾಹ್ನ ಹನ್ನೆರಡೂ ನಲವತ್ತಕ್ಕೆ ದಸ್ತಗಿರಿ. ಐದು ಸ್ಪೂಲು ಕೋರ್ಟಿಗೆ ಹಾಜರುಪಡಿಸುವ ಮುದ್ದೆಮಾಲೆಂದು ಸೀಲಾದವು. ಕೋರ್ಟು ಬಿಡುಗಡೆ ಮಾಡುವ ತನಕ ಇಪ್ಪತ್ತೆಂಟರ ಕಾರ್ಯಕ್ರಮವಿಲ್ಲ. ಪಂಚನಾಮೆಯಲ್ಲಿ ಟೇಪಿನ ಒಳಗಿನ ವಿಷಯವೆಂದು ಸಕ್ರಪ್ಪ "ಇಂಗ್ಲಿಷ್ ಹಾಡುಗಳು" ಎಂದಷ್ಟೇ ಬರೆದ. ಯಾರೂ ತಿದ್ದಿಸಲಿಲ್ಲ.

ಗುಡಿಯಿಂದ ಬಂದ ಯಮುನಾಬಾಯಿಗೆ ಚನ್ನಬಸವಣ್ಣನೇ ಹೇಳಿದ. ಗೋಪಾಲ ತಾನು ಮುಂಬೈಯಲ್ಲಿ ಬಾರಿಸಿದ ಹಾಡಿನ ಟೇಪನ್ನು ಮಾಸ್ತರಿಗೆ ಹೇಳದೆ ತಂದಿದ್ದಾನೆ, ಠಾಣೆಗೆ ಬರಬೇಕು, ನಾಳೆ ಜಾಮೀನಾಗುತ್ತದೆ ಎಂದ. ಆಕೆ ಮಗನ ಮುಖ ನೋಡಿದರು, ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಆ ಹಾಡು ಕೇಳಬೇಕಂತ ಆಸೆ ಆಗಿರಬೇಕು, ಪಾಪ," ಎಂದರು. "ನನ್ನ ಸಲುವಾಗಿ ಬಿಟ್ಟು ಬಂದದ್ದಲ್ಲೇನ್ರಿ ಅದು?"

"ಹೌದ್ರಿ ಬಾಯಾರ," ಎಂದ ಚನ್ನಬಸವಣ್ಣ.

ಸಂಜೆ ಐದಕ್ಕೆ ಆತ ಕೇಸ್ ಡೈರಿ ಬರೆಯಲು ಕೂತ. ಆರೋಪಿಯ ಉದ್ದೇಶ ಎಂಬಲ್ಲಿ ಮೊದಲು ಮೂರು ಸಾಲು ಬರೆದು ಹೊಡೆದು ಹಾಕಿದ. ಸಕ್ರಪ್ಪ ಎರಡು ಸಲ ಚಹಾ ತಂದಿಟ್ಟು ಹೋದ. ಕೊನೆಗೆ ಚನ್ನಬಸವಣ್ಣ ಒಂದೇ ಸಾಲು ಬರೆದು ಸಹಿ ಮಾಡಿದ: ತಾಯಿಗೆ ಹೇಳಿದ ಮಾತನ್ನು ಉಳಿಸಿಕೊಳ್ಳುವ ಸಲುವಾಗಿ.